ನಾನಿರೋ ತನಕ

ಆರ್‌ಪಿಸಿ ಲೇಔಟಿಗೆ ಕೆಎಎಸ್ ಕೋಚಿಂಗಿಗೆಂದು ಬಂದಿಳಿಯುವ ಹುಡುಗರಿಗೆ ಸಿಲಬಸ್ಸಿಗಿಂತ ಮೊದಲು ಗೊತ್ತಾಗುತ್ತಿದ್ದುದು ಮುತ್ತವ್ವನ ಖಾನಾವಳಿ. ಬಾಗಲಕೋಟೆಯಿಂದಲೋ ಯಾದಗಿರಿಯಿಂದಲೋ ಬಂದ ಹುಡುಗ ನಾಲ್ಕು ದಿನ ಇಲ್ಲಿನ ಹೋಟೆಲುಗಳ ಬೆಲ್ಲ ಹಾಕಿದ ಸಾಂಬಾರು ಉಂಡು ಮುಖ ಸಣ್ಣದು ಮಾಡಿಕೊಂಡು ಕೂತಿದ್ದರೆ, ರೂಮಿನ ಹಳಬ ಯಾರಾದರೂ ಕೈಹಿಡಿದು ಕರೆತರುತ್ತಿದ್ದ. ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು, ಹಸಿ ಉಳ್ಳಾಗಡ್ಡಿ. ಎರಡನೇ ರೊಟ್ಟಿಗೆ ಅವನ ಕಣ್ಣಲ್ಲಿ ನೀರು ಬರುತ್ತಿತ್ತು. ಅದು ಊರಿನ ನೆನಪಿಗೋ ಚಟ್ನಿಯ ಖಾರಕ್ಕೋ ಎಂದು ಯಾರೂ ಕೇಳುತ್ತಿರಲಿಲ್ಲ. ಮುಂದೆ ಪರೀಕ್ಷೆ ಪಾಸಾಗುವುದು ಅವನ ಹಣೆಬರಹ. ಅಲ್ಲಿಯವರೆಗೆ ಹೊಟ್ಟೆ ಮುತ್ತವ್ವನ ಜವಾಬ್ದಾರಿ.

ಮುತ್ತವ್ವ ಹುನಗುಂದದ ಕಡೆಯವಳು. ಗಂಡ ರಾಚಪ್ಪನ ಜೊತೆ ಗಾರೆ ಕೆಲಸಕ್ಕೆ ಬೆಂಗಳೂರಿಗೆ ಬಂದವಳು. ರಾಚಪ್ಪ ಕಾಮಾಲೆಗೆ ತೀರಿಕೊಂಡಾಗ ಮಗಳು ಶಿಲ್ಪಾ ಇನ್ನೂ ಅಂಗನವಾಡಿಯಲ್ಲಿದ್ದಳು. ಆಗ ಅವರು ಕೆಲಸ ಮಾಡುತ್ತಿದ್ದ ಕಟ್ಟಡದ ಎದುರು ಮನೆಯ ಯಜಮಾನರು, ಮಿಲ್ಲಿನಲ್ಲಿ ಫಿಟ್ಟರ್ ಆಗಿದ್ದು ರಿಟೈರಾದ ವೆಂಕಟರಮಣಪ್ಪನವರು, ತಮ್ಮ ಕಾರ್ ಶೆಡ್ಡಿನ ಬೀಗ ತೆಗೆದುಕೊಟ್ಟರು. ಆ ಶೆಡ್ಡಿಗೆ ಯಾವತ್ತೂ ಕಾರು ಬಂದಿರಲಿಲ್ಲ, ಬರುವ ಲಕ್ಷಣವೂ ಇರಲಿಲ್ಲ.

"ರೊಟ್ಟಿ ಬಡೀತೀಯಂತಲ್ಲ, ಇಲ್ಲೇ ಬಡಿ. ಬಾಡಿಗೆ ಕೈಲಾದಷ್ಟು ಕೊಡು. ನಾನಿರೋ ತನಕ ನಿನ್ನ ಇಲ್ಲಿಂದ ಯಾರೂ ಎಬ್ಬಿಸಲ್ಲ ಕಣಮ್ಮ" ಎಂದರು.

ಅಷ್ಟೇ ಕರಾರು. ಸಾಕ್ಷಿಗೆ ಅವರ ಹೆಂಡತಿ ವೆಂಕಟಲಕ್ಷ್ಮಮ್ಮ, ಕೈಯಲ್ಲಿ ಮುತ್ತವ್ವನಿಗೆಂದು ತಂದ ಕಾಫಿ ಲೋಟ. ಆ ಒಂದು ಮಾತಿನ ಮೇಲೆ ಶೆಡ್ಡು ಖಾನಾವಳಿಯಾಯಿತು, ಖಾನಾವಳಿ ಬೆಳೆದು ಕೆಳಗಿನ ಮನೆಯನ್ನೆಲ್ಲ ಹಿಡಿಯಿತು. ಬಾಡಿಗೆಯೂ ಬೆಳೆಯಿತು, ಮುತ್ತವ್ವ ತಾನಾಗಿ ಹೆಚ್ಚಿಸಿ ಕೊಟ್ಟಳು. ಶಿಲ್ಪಾ ಬೆಳೆದದ್ದು ಮಾತ್ರ ಮೇಲಿನ ಮನೆಯಲ್ಲಿ. ಅವಳ ಜಡೆ ಹೆಣೆದವರು ವೆಂಕಟಲಕ್ಷ್ಮಮ್ಮ, ಮಗ್ಗಿ ಬಾಯಿಪಾಠ ಮಾಡಿಸಿದವರು ವೆಂಕಟರಮಣಪ್ಪ. ಅವರ ಮಗ ನಾಗೇಂದ್ರ ಮದುವೆಯಾಗಿ ಕೆಂಗೇರಿಯಲ್ಲಿ ಮನೆ ಮಾಡಿದಮೇಲೆ ಆ ಮನೆಯಲ್ಲಿ ಹೋಮ್‌ವರ್ಕ್ ಮಾಡುವ ಮಗುವೆಂದರೆ ಇವಳೊಬ್ಬಳೇ. ಅವಳಿಗೆ ಅವರು ತಾತ, ಅಜ್ಜಿ.

ಮೇಲಿನ ಮನೆಗೂ ಕೆಳಗಿನ ಖಾನಾವಳಿಗೂ ಊಟ ಬೇರೆ, ಮಾತಿನ ಧಾಟಿ ಬೇರೆ. ಒಂದು ವಿಷಯದಲ್ಲಿ ಮಾತ್ರ ವೆಂಕಟಲಕ್ಷ್ಮಮ್ಮನೂ ಮುತ್ತವ್ವನೂ ಒಂದೇ ತಾಯಿಯ ಮಕ್ಕಳು: ಕೆಟ್ಟದ್ದನ್ನು ಬಾಯಲ್ಲಿ ಆಡಬಾರದು. ಮೇಲಿನ ಮನೆಯಲ್ಲಿ ದೀಪ ಆರುತ್ತಿರಲಿಲ್ಲ, ದೊಡ್ಡದಾಗುತ್ತಿತ್ತು. ಬಳೆ ಒಡೆಯುತ್ತಿರಲಿಲ್ಲ, ಹೆಚ್ಚುತ್ತಿತ್ತು. ಹೊರಡುವವರು "ಹೋಗ್ತೀನಿ" ಅಂದರೆ ಗೇಟಿನಿಂದ ವಾಪಸ್ ಕರೆದು "ಬರ್ತೀನಿ" ಅನ್ನಿಸಿ ಕಳಿಸುತ್ತಿದ್ದರು. ಬಾಯಿ ತಪ್ಪಿ ಸಾವುನೋವಿನ ಮಾತು ಬಂದರೆ ತಕ್ಷಣ "ಬಿಡ್ತು ಅನ್ನು" ಎಂಬ ಅಪ್ಪಣೆ. "ಬಿಡ್ತು" ಅಂದುಬಿಟ್ಟರೆ ಸರಿ, ಆ ಮಾತು ಆಡಿದವರನ್ನೂ ಕೇಳಿದವರನ್ನೂ ಬಿಟ್ಟುಹೋಯಿತು. ಅದರಲ್ಲೂ ಮುಸ್ಸಂಜೆ ಬಲು ನಾಜೂಕಿನ ಹೊತ್ತು. ಅಸ್ತು ದೇವತೆಗಳು ಆಗ ಮನೆಗಳ ಮೇಲೆ ಸುಳಿದಾಡುತ್ತಾರಂತೆ, ನಾವಂದದ್ದಕ್ಕೆಲ್ಲ ಹಿಂದೆಮುಂದೆ ನೋಡದೆ "ಅಸ್ತು" ಅಂದುಬಿಡುತ್ತಾರಂತೆ. ಒಳ್ಳೆಯ ಮಾತಿಗೂ ಅವರು ಅಷ್ಟೇ ಚುರುಕಾಗಿದ್ದಿದ್ದರೆ ಆ ಬೀದಿಯ ಹುಡುಗರೆಲ್ಲ ಇಷ್ಟು ಹೊತ್ತಿಗೆ ತಹಶೀಲ್ದಾರರಾಗಿರಬೇಕಿತ್ತು. ಅದು ಬೇರೆ ಮಾತು. ಮುತ್ತವ್ವನೂ ಏನು ಕಡಿಮೆಯಲ್ಲ. "ಹಿಟ್ಟು ತೀರೇತಿ ಅನಬ್ಯಾಡ್ರೇ, ಹೆಚ್ಚೈತಿ ಅನ್ರಿ" ಎಂದು ರೊಟ್ಟಿ ಬಡಿಯುವ ಹೆಂಗಸರನ್ನು ತಿದ್ದುತ್ತಿದ್ದಳು.

ಶಿಲ್ಪಾಳಿಗೆ ಇದನ್ನು ಕೇಳಿದರೆ ಮೈಯೆಲ್ಲ ಉರಿ. ಬಿ.ಕಾಂ ಮುಗಿಸಿ, ರಾಜಾಜಿನಗರದಲ್ಲಿ ಒಬ್ಬ ಆಡಿಟರ್ ಹತ್ತಿರ ಸ್ವಲ್ಪ ಕಾಲ ದುಡಿದು, ಬೇರೆಯವರ ವ್ಯಾಪಾರ ನೋಡಿದ್ದು ಸಾಕೆಂದು ಖಾನಾವಳಿಗೆ ಬಂದು ಕೂತವಳು. ಒಮ್ಮೆ ಬಸವೇಶ್ವರನಗರದಲ್ಲಿ ಸಣ್ಣ ವ್ಯಾಪಾರದ ಹೆಂಗಸರಿಗೆಂದು ಟ್ರೇನಿಂಗ್ ಇತ್ತು, ಹೋಗಿದ್ದಳು. ಹೇಳಿಕೊಡುವಾಕೆ ಮೈಕು ಹಿಡಿದು, "ನಾಳೆ ನಿಮ್ಮ ಬಿಸಿನೆಸ್ ನಿಂತುಹೋಗ್ಬೇಕು ಅಂದ್ರೆ ಏನಾಗ್ಬೇಕು? ಮೊದಲು ಅದನ್ನ ಬಾಯ್ಬಿಟ್ಟು ಹೇಳಿ. ಹೇಳದೇ ಇರೋ ರಿಸ್ಕನ್ನ ಮ್ಯಾನೇಜ್ ಮಾಡೋಕಾಗಲ್ಲ" ಎಂದರು. ಕೂತಿದ್ದ ಹೆಂಗಸರಲ್ಲಿ ಅರ್ಧ ಜನ ಬಾಯಿಯ ಮೇಲೆ ಕೈ ಇಟ್ಟುಕೊಂಡರು. ಶಿಲ್ಪಾಳಿಗೆ ಮಾತ್ರ, ತನ್ನ ಜೀವಮಾನದಲ್ಲಿ ಮೊದಲ ಸಲ ಯಾರೋ ಮನುಷ್ಯರ ಭಾಷೆ ಆಡಿದರು ಅನ್ನಿಸಿತು.

ಬಂದವಳೇ ಶುರು ಹಚ್ಚಿಕೊಂಡಳು. ಸಿಲಿಂಡರ್ ಸಿಗದಿದ್ದರೆ ಎಂದು ಹಿತ್ತಲಲ್ಲಿ ಸೌದೆ ಒಲೆ ಹೂಡಿಸಿದಳು. ಯಶವಂತಪುರದ ಒಬ್ಬನೇ ವ್ಯಾಪಾರಿಯಿಂದ ಜೋಳ ಬರುತ್ತಿತ್ತು, ಊರ ಕಡೆಯಿಂದ ಇನ್ನೊಬ್ಬನನ್ನು ಗೊತ್ತುಮಾಡಿದಳು. ರೊಟ್ಟಿ ಬಡಿಯುವ ಹೆಂಗಸರಿಬ್ಬರೂ ಒಂದೇ ಊರಿನವರು, ಹಬ್ಬಕ್ಕೆ ಹೋದರೆ ಇಬ್ಬರೂ ಜೋಡಿಯಾಗಿ ಹೋಗುವರು. ಬೇರೆ ಊರಿನವಳೊಬ್ಬಳನ್ನು ಸೇರಿಸಿಕೊಂಡಳು. ಬರೀ ಕೋಚಿಂಗ್ ಹುಡುಗರನ್ನೇ ನೆಚ್ಚಿಕೊಂಡರೆ ಆಗದೆಂದು ಮಾಗಡಿ ರಸ್ತೆಯ ಆಫೀಸುಗಳಿಗೆ ಡಬ್ಬಿ ಊಟ ಕಳಿಸತೊಡಗಿದಳು. ಮುಂದೊಮ್ಮೆ ಪರೀಕ್ಷೆ ಮುಂದೆ ಹೋಯಿತು, ಹುಡುಗರೆಲ್ಲ ಊರು ಸೇರಿದರು, ಸುತ್ತಮುತ್ತಲಿನ ಖಾನಾವಳಿಗಳು ಒಂದೊಂದೇ ಬಾಗಿಲು ಹಾಕಿದವು. ಮುತ್ತವ್ವನ ರೊಟ್ಟಿ ಹಂಚು ತಣ್ಣಗಾಗಲಿಲ್ಲ. "ಕೈ ನಂದು, ತಲಿ ನನ್ನ ಮಗಳದು" ಎಂದು ಮುತ್ತವ್ವ ಕಂಡಕಂಡವರಿಗೆ ಹೇಳಿಕೊಂಡಳು. ಅವಳ ಪಾಲಿಗೆ ಅದು ತುಂಬಿದ ಕಾಲ.

ಉಳಿದದ್ದು ಒಂದು ರಿಸ್ಕು. ಅದು ದಿನಾ ಮಧ್ಯಾಹ್ನ ಮಹಡಿ ಮೆಟ್ಟಿಲು ಹಿಡಿದಿಳಿದು ಬಂದು, ಮೂಲೆಯ ಟೇಬಲ್ಲಿನಲ್ಲಿ ಕೂತು, ಅರ್ಧ ರೊಟ್ಟಿಯನ್ನು ಮಜ್ಜಿಗೆಯಲ್ಲಿ ನೆನೆಸಿ ತಿನ್ನುತ್ತಿತ್ತು. ತಾತನ ಎದೆಯಲ್ಲಿ ಎರಡು ಸ್ಟೆಂಟು. ಈಚೆಗೆ ಮೆಟ್ಟಿಲಿನ ನಡುವೆ ನಿಂತು ಗೋಡೆಗೆ ಕೈಕೊಟ್ಟು ಉಸಿರು ತೆಗೆದುಕೊಳ್ಳುತ್ತಿದ್ದರು. ತಾತ ಕೆಮ್ಮಿದರೆ ಶಿಲ್ಪಾಳಿಗೆ ಇಡೀ ಖಾನಾವಳಿಯೇ ಕೆಮ್ಮಿದ ಹಾಗೆ ಕೇಳುತ್ತಿತ್ತು. ಮಗ್ಗಿ ಹೇಳಿಕೊಟ್ಟ ಮುದುಕರ ಉಸಿರನ್ನು ಹೀಗೆ ಅಳೆಯುತ್ತೇನಲ್ಲ ಎಂದು ತನ್ನ ಮೇಲೆ ತನಗೇ ಅಸಹ್ಯವಾಗುತ್ತಿತ್ತು. ಅಳೆಯುವುದನ್ನು ಮಾತ್ರ ಬಿಡಲಾಗುತ್ತಿರಲಿಲ್ಲ.

ಅಷ್ಟರಲ್ಲಿ ಅಡುಗೆಮನೆ ದೊಡ್ಡದು ಮಾಡುವ ಮಾತು ಬಂತು. ಹಿತ್ತಲಿನ ಕಡೆ ಗೋಡೆ ಎಬ್ಬಿಸಿ, ಚಿಮಣಿ ಕೂರಿಸಿ, ಚರಂಡಿ ಹೊಸದಾಗಿ ತೋಡಿಸಿದರೆ ಡಬ್ಬಿ ಊಟ ಎರಡರಷ್ಟು ಕಳಿಸಬಹುದು. ತಾತನಿಗೆ ತಕರಾರೇ ಇಲ್ಲ, "ಕಟ್ಕೊಳ್ಳಿ, ಆ ಹಿತ್ತಲಲ್ಲಿ ಇಲಿ ಬಿಟ್ರೆ ಇನ್ನೇನಿದೆ" ಎಂದಿದ್ದರು. ಶಿಲ್ಪಾ ಅವ್ವನಿಗೆ ಹೇಳಿದಳು:

"ಇಟ್ಟಂಗಿ ಇಡೂಕಿಂತ ಮೊದಲ ಅಗ್ರಿಮೆಂಟ್ ಮಾಡಿಸೂಣವ್ವ. ಗ್ವಾಡಿ ಅವರದು, ರೊಕ್ಕ ನಮ್ಮದು."

"ಅಷ್ಟು ವರ್ಷದಿಂದ ಇಲ್ಲದ್ದು ಈಗ್ಯಾಕ?"

"ತಾತ 'ನಾನಿರೋ ತನಕ' ಅಂದಾರ. ಆಮ್ಯಾಲ?"

ಮುತ್ತವ್ವ ಹಂಚಿನ ಮೇಲಿನ ರೊಟ್ಟಿಯನ್ನು ತಿರುವುವುದು ಮರೆತು ಮಗಳ ಮುಖ ನೋಡಿದಳು.

"ಬಾಯಿ ತೊಳಕೋ ಮೊದಲ. ಅನ್ನ ಕೊಟ್ಟ ಹಿರೇರ ಮುಂದ ಕುಂತು, ನೀವು ಇಲ್ಲದಾಗ ನಮ್ಮ ಗತಿ ಏನ್ರೀ ಅಂತ ಕೇಳಲೇನು? ಅದಕ್ಕಿಂತ ಅವರ ಊಟದಾಗ ಮಣ್ಣು ಹಾಕೂದು ಚೊಲೋ."

"ಕೇಳಿದ್ರ ಯಾರೂ ಸಾಯಂಗಿಲ್ಲವ್ವ."

"ಬಿಡ್ತು ಅನ್ನ!"

ಶಿಲ್ಪಾ ಅನ್ನಲಿಲ್ಲ, ಎದ್ದು ಹೋದಳು. ಅವಳು ಗಲ್ಲಾದಲ್ಲಿ ಕೂತು ದಾರಿ ಹುಡುಕುತ್ತಿದ್ದಾಗಲೇ ಮುತ್ತವ್ವ ಪಂಚಾಂಗ ನೋಡಿಸಿ, ಮುಹೂರ್ತ ಚೆನ್ನಾಗಿದೆಯೆಂದು ಗಾರೆಯವರನ್ನು ಕರೆಸಿಯೇಬಿಟ್ಟಳು. ರಾಚಪ್ಪ ಮಾಡಿಸಿಕೊಟ್ಟಿದ್ದ ಬಂಗಾರದ ಬೋರಮಾಳ ಸರ ಮಾರಿದ ದಿನ ಅವಳ ಮುಖದಲ್ಲಿ ಕೊರಗೇ ಇರಲಿಲ್ಲ. "ಕೊಳ್ಳಾಗಿದ್ರ ಕಳ್ಳರ ಭಯ. ಗ್ವಾಡ್ಯಾಗಿದ್ರ ಯಾರ ಭಯ?" ಎಂದು ನಕ್ಕಳು. ಗೋಡೆ ಎದೆಮಟ್ಟ ಬಂತು. ಶಿಲ್ಪಾಳ ನಿದ್ದೆ ಹಾರಿಹೋಯಿತು.

ಖಾನಾವಳಿಯವರಿಗೆ ಪುರಸೊತ್ತು ಅಂತ ಒಂದಿದ್ದರೆ ಅದು ಸಂಜೆಯ ಒಂದು ಗಳಿಗೆ. ಮಧ್ಯಾಹ್ನದ ಊಟ ಮುಗಿದು, ಪಾತ್ರೆ ತೊಳೆದು, ನೆಲ ಒರೆಸುವಷ್ಟರಲ್ಲಿ ಬಿಸಿಲು ಇಳಿದಿರುತ್ತದೆ. ಕತ್ತಲಾದರೆ ರಾತ್ರಿ ಊಟದ ಹುಡುಗರು ಬಾಗಿಲಲ್ಲಿ ಚಪ್ಪಲಿ ಬಿಡುತ್ತಾರೆ. ನಡುವೆ ಸಿಗುವುದು ದೀಪ ಹಚ್ಚುವ ಹೊತ್ತು ಮಾತ್ರ. ಅವ್ವ ಸಂತೆಗೆಂದು ಮೂಡಲಪಾಳ್ಯಕ್ಕೆ ಹೋಗಿದ್ದ ಒಂದು ಸಂಜೆ ಶಿಲ್ಪಾ ಅಗ್ರಿಮೆಂಟಿನ ಕಾಗದ ಹಿಡಿದು ಮಹಡಿ ಹತ್ತಿದಳು. ಹೊತ್ತು ಎಂಥದ್ದು ಎಂದು ಅವಳು ಯೋಚಿಸಲಿಲ್ಲ. ಯೋಚಿಸಿದ್ದರೂ ಅವಳಿಗೆ ಬೇರೆ ಹೊತ್ತೇ ಇರಲಿಲ್ಲ.

ತಾತ ದಿವಾನದ ಮೇಲೆ ಕಾಲು ಚಾಚಿ ಟಿವಿ ನೋಡುತ್ತಿದ್ದರು. ವೆಂಕಟಲಕ್ಷ್ಮಮ್ಮ ದೇವರ ಗೂಡಿನ ಮುಂದೆ ಬತ್ತಿ ಹೊಸೆಯುತ್ತಿದ್ದರು.

"ಬಾರೇ, ಏನು ಅಪರೂಪ ಆಗ್ಬಿಟ್ಟೆ. ಕಾಫಿ ಕುಡೀತೀಯಾ?" ಎಂದರು.

"ಬೇಡ ಅಜ್ಜಿ. ತಾತನ ಹತ್ರ ಒಂದ್ ವಿಷ್ಯ ಮಾತಾಡ್ಬೇಕಿತ್ತು." ಶಿಲ್ಪಾ ಗೋಡೆಯಿಂದ ಶುರುಮಾಡಿ, ಚಿಮಣಿಗೆ ಹೋಗಿ, ಲೈಸೆನ್ಸಿನ ಹತ್ತಿರ ಬಂದು, ಅಗ್ರಿಮೆಂಟು ಇದ್ದರೆ ಎಲ್ಲರಿಗೂ ಒಳ್ಳೆಯದು ಎಂಬಲ್ಲಿಗೆ ಮುಟ್ಟುವಾಗ ಅವಳ ಕತ್ತು ಬೆವೆತಿತ್ತು. ವೆಂಕಟರಮಣಪ್ಪ ದಡ್ಡರಲ್ಲ. ಟಿವಿಯ ದನಿ ಸಣ್ಣದು ಮಾಡಿ ನಕ್ಕರು.

"ಸುತ್ತಿ ಬಳಸಿ ಯಾಕೆ ಮಗು? ನಾನು ಹೊರಟೋದ್ಮೇಲೆ ನಾಗೇಂದ್ರ ಎಬ್ಬಿಸ್ಬಿಟ್ರೆ ಏನ್ಮಾಡೋದು ಅಂತ ತಾನೆ? ನ್ಯಾಯವಾಗಿದೆ ಕಣೇ. ನಾನೇ ಯೋಚ್ನೆ ಮಾಡ್ಬೇಕಿತ್ತು."

"ರೀ!" ವೆಂಕಟಲಕ್ಷ್ಮಮ್ಮನ ಕೈಯಿಂದ ಬತ್ತಿ ಬಿತ್ತು. "ಶುಭ ನುಡಿಯೋ ಸೋಮ ಅಂದ್ರೆ ಗೂಬೆ ಕಾಣ್ತಲ್ಲೋ ಮಾಮ ಅಂದ್ನಂತೆ. ದೀಪ ಹಚ್ಚೋ ಹೊತ್ತಲ್ಲಿ ಎಂಥ ಮಾತ್ರೀ ಅದು? ಬಿಡ್ತು ಅನ್ನಿ."

"ಬಿಡ್ತು, ಬಿಡ್ತು, ಬಿಡ್ತು. ಸಾಕಾ?" ತಾತ ಶಿಲ್ಪಾಳ ಕಡೆ ಕಣ್ಣು ಮಿಟುಕಿಸಿದರು.

"ನೀನೂ ಅನ್ನಮ್ಮ" ಎಂದರು ವೆಂಕಟಲಕ್ಷ್ಮಮ್ಮ. "ನಿನ್ ಮಾತಿಂದ ಶುರುವಾಗಿದ್ದು."

ಆ ಕ್ಷಣ ಶಿಲ್ಪಾ ಅಂದುಬಿಡಬಹುದಿತ್ತು. ಇಷ್ಟುದ್ದದ ಮಾತೇನಲ್ಲ, ಆಕಳಿಕೆಯಷ್ಟೂ ಹೊತ್ತು ಹಿಡಿಯದು. ಆದರೆ ಅವಳಿಗೆ ಬುದ್ಧಿ ಬಂದಾಗಿನಿಂದ ಯಾವ ನಿಜದ ಮಾತು ಎತ್ತಿದರೂ ಅದರ ಬಾಯಿಗೆ ತುರುಕುತ್ತಿದ್ದ ಬಟ್ಟೆ ಅದೇ ಪದ. ಈವತ್ತು ಮೊದಲ ಸಲ ಒಬ್ಬ ಹಿರಿಯರು ನಿಜವನ್ನು ನಿಜವೆಂದು ಕೇಳಿಸಿಕೊಂಡಿದ್ದರು. ಅವಳಿಗೆ ಅದನ್ನು ಬಿಟ್ಟುಕೊಡಲು ಮನಸ್ಸಾಗಲಿಲ್ಲ.

"ಅಜ್ಜಿ, ಬಿಡ್ತು ಅಂದ್ರೆ ಬಿಟ್ಟು ಹೋಗುತ್ತಾ ಹೇಳಿ? ಎಲ್ರೂ ಒಂದಿನ ಹೋಗೋರೇ. ಅದಕ್ಕೇ ಅಲ್ವಾ ಪೇಪರ್ ಮಾಡ್ಸೋದು" ಎಂದಳು. ನಗುತ್ತಲೇ ಎಂದಳು.

"ಒಂದ್ಸಲ ಅಂದ್ಬಿಡೇ. ನನ್ನ ಸಮಾಧಾನಕ್ಕೆ."

"ಅಯ್ಯೋ ಬಿಡಿ ಅಜ್ಜಿ, ಏನಾಗಲ್ಲ."

ತಾತ ಜೋರಾಗಿ ನಕ್ಕು, "ಬಿ.ಕಾಂ ಮಾಡಿರೋಳು ಕಣೇ, ನಿನ್ ಮಾತು ಕೇಳ್ತಾಳಾ?" ಎಂದು ಹೆಂಡತಿಯನ್ನು ರೇಗಿಸಿದರು. ಸೈನ್ ಮಾಡಲು ಪೆನ್ನು ತಾ ಎಂದರು. ವೆಂಕಟಲಕ್ಷ್ಮಮ್ಮ ಅದಕ್ಕೆ ಬಿಡಲಿಲ್ಲ. ಈ ಹೊತ್ತಲ್ಲಿ ಯಾವ ಕಾಗದವೂ ಬೇಡ; ನಾಳೆ ಅಮಾವಾಸ್ಯೆ, ನಾಳೆಯೂ ಬೇಡ. ನಾಡಿದ್ದು ಬೆಳಿಗ್ಗೆ ಸ್ನಾನ ಮಾಡಿ, ದೇವರಿಗೆ ಕೈಮುಗಿದು ಹಾಕಿಕೊಡಲಿ. "ಆಯ್ತಮ್ಮ, ನಾಡಿದ್ದು. ನಾಗೇಂದ್ರಂಗೂ ಫೋನ್ ಮಾಡಿ ಹೇಳ್ತೀನಿ" ಎಂದರು ತಾತ. ಶಿಲ್ಪಾ ಮೆಟ್ಟಿಲನ್ನು ಎರಡೆರಡಾಗಿ ಇಳಿದಳು. ಬಹಳ ದಿನದ ಮೇಲೆ ಅವಳಿಗೆ ಹಸಿವಾಗಿತ್ತು.

ಅಮಾವಾಸ್ಯೆಯ ಬೆಳಿಗ್ಗೆ ವೆಂಕಟರಮಣಪ್ಪ ಬಚ್ಚಲುಮನೆಯಲ್ಲಿ ಬಿದ್ದರು. ಆಟೊದಲ್ಲಿ ಆಸ್ಪತ್ರೆಗೆ ಒಯ್ಯುವಾಗ ಅವರ ತಲೆ ಮುತ್ತವ್ವನ ತೊಡೆಯ ಮೇಲಿತ್ತು. ಆಸ್ಪತ್ರೆಯಲ್ಲಿ ಡಾಕ್ಟರು, ದಾರಿಯಲ್ಲೇ ಹೋಗಿದ್ದಾರೆ, ಈ ಹಾರ್ಟು ಇಷ್ಟು ದಿನ ನಡೆದದ್ದೇ ಹೆಚ್ಚು ಎಂದರು.

ಸಾವಿನ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ, ಅಕ್ಕಪಕ್ಕದವರೇ ಊಟ ಕಳಿಸಬೇಕು. ಮುತ್ತವ್ವ ಖಾನಾವಳಿಯ ಬಾಗಿಲು ಹಾಕಿ, ಅಳುತ್ತಲೇ, ಮೇಲಿನವರಿಗೆ ರೊಟ್ಟಿ ರೂಢಿಯಿಲ್ಲವೆಂದು ಅನ್ನ ಸಾರು ಮಾಡಿ ದೊಡ್ಡ ಪಾತ್ರೆಗಳಲ್ಲಿ ಕಳಿಸಿದಳು. ಸ್ವಲ್ಪ ಹೊತ್ತಿಗೆ ಪಾತ್ರೆಗಳು ಹಾಗೇ ವಾಪಸ್ ಬಂದವು. ಮುಚ್ಚಳ ತೆಗೆದಿರಲಿಲ್ಲ. ತಂದವನು ನಾಗೇಂದ್ರ. ಅತ್ತು ಕಣ್ಣು ಊದಿತ್ತು.

"ಬೇಜಾರ್ ಮಾಡ್ಕೋಬೇಡಿ ಮುತ್ತವ್ವ. ಅಮ್ಮ ಬೇಡ ಅಂದ್ರು. ಹೋಟ್ಲಿಂದ ತರಿಸ್ತೀವಿ."

"ಯಾಕ್ರೀಯಪ್ಪಾ? ನಾ ಏನ್ ತಪ್ಪ ಮಾಡೇನಿ?"

ನಾಗೇಂದ್ರ ಶಿಲ್ಪಾಳ ಕಡೆ ಒಮ್ಮೆ ನೋಡಿ ಮೆಟ್ಟಿಲು ಹತ್ತಿದ. ಮುತ್ತವ್ವ ಮಗಳ ಕಡೆ ತಿರುಗಿದಳು. ಶಿಲ್ಪಾ ಎಲ್ಲವನ್ನೂ ಹೇಳಿದಳು, ಮುಚ್ಚಿಡುವಂಥದ್ದೇನೂ ಇದೆಯೆಂದು ಅವಳಿಗೆ ಅನ್ನಿಸಿರಲಿಲ್ಲ. ಮುತ್ತವ್ವ ಕೇಳುತ್ತ ಕೇಳುತ್ತ ನೆಲದ ಮೇಲೆ ಕೂತಳು. ಮುಚ್ಚಳ ತೆಗೆಯದ ಆ ಅನ್ನವನ್ನು ಸಂಜೆ ಬೀದಿನಾಯಿಗಳು ತಿಂದವು.

ಹನ್ನೊಂದನೇ ದಿನ ಕಳೆದು, ವೈಕುಂಠ ಸಮಾರಾಧನೆಯೂ ಮುಗಿದಮೇಲೆ ಮುತ್ತವ್ವ ಮೇಲೆ ಹೋದಳು. ಶಿಲ್ಪಾ ಬಾಗಿಲಾಚೆ ನಿಂತಳು. ವೆಂಕಟಲಕ್ಷ್ಮಮ್ಮ ದಿವಾನದ ಪಕ್ಕ ನೆಲದ ಮೇಲೆ ಕೂತಿದ್ದರು. ದಿವಾನದ ಮೇಲೆ ಯಾರೂ ಕೂತಿರಲಿಲ್ಲ. ಅವರು ಕೂಗಾಡಿದ್ದರೆ ಚೆನ್ನಾಗಿತ್ತು. ಕೂಗಾಡುವವರ ಕಾಲು ಹಿಡಿಯಬಹುದು, ಜಗಳ ಆಡಬಹುದು, ನಾಳೆ ಸರಿಹೋದೀತು ಎಂದು ಕಾಯಬಹುದು. ಅವರು ಮೆತ್ತಗೆ ಮಾತಾಡಿದರು.

"ನಿನ್ ಮಗಳು ಕೆಟ್ಟೋಳಲ್ಲ ಮುತ್ತವ್ವ. ನಾನೇ ಬೆಳೆಸಿದ ಮಗು. ಅವರಿಗೆ ಹಾರ್ಟ್ ಇತ್ತು, ಡಾಕ್ಟ್ರು ಹೇಳಿದ್ರು, ನನಗೆ ಗೊತ್ತಿಲ್ವಾ? ಆದ್ರೆ ಎರಡ್ಸಲ ಕೇಳ್ಕೊಂಡೆ. ನನ್ನ ಸಮಾಧಾನಕ್ಕೆ ಅಂದೆ. ಅಂದಿದ್ರೆ ಅವರು ಉಳೀತಿದ್ರು ಅಂತ ನಾನು ಹೇಳಲ್ಲ. ಆದ್ರೆ ಅಂದಿದ್ರೆ ನಾನೀಗ ಡಾಕ್ಟ್ರ ಮಾತು ನಂಬ್ಕೊಂಡು ಇರ್ತಿದ್ದೆ. ಈಗ ನನ್ ಕೈಲಿ ಆಗ್ತಾ ಇಲ್ಲ."

"ಅಮ್ಮಾರ, ಹುಡುಗಿಗೆ ತಿಳೀಲಿಲ್ರೀ. ಹೊಟ್ಟ್ಯಾಗ ಹಾಕ್ಕೋರಿ." ಮುತ್ತವ್ವ ಅವರ ಕಾಲಿಗೆ ಹಣೆ ಹಚ್ಚಿದಳು.

ವೆಂಕಟಲಕ್ಷ್ಮಮ್ಮ ಕಾಲು ಎಳೆದುಕೊಳ್ಳಲಿಲ್ಲ, ಅವಳನ್ನು ಎತ್ತಲೂ ಇ‌ಲ್ಲ. "ನೀವು ಕೆಳಗಿದೀರ ಅಂತಲೇ ಕೆಂಗೇರಿಗೆ ಬರಲ್ಲ ಅಂತಿದ್ದೆ. ಬೆಳಿಗ್ಗೆ ಕೆಳಗೆ ರೊಟ್ಟಿ ಬಡಿಯೋ ಸದ್ದು ಬಂದ್ರೆ ಮನೇಲಿ ಜನ ಇದಾರೆ ಅನ್ನಿಸ್ತಿತ್ತು. ಈಗ ಆ ಸದ್ದು ಬಂದ್ರೆ ನಂಗೆ 'ಬಿಡಿ ಅಜ್ಜಿ, ಏನಾಗಲ್ಲ' ಅಂತಲೇ ಕೇಳ್ಸುತ್ತೆ. ನನಗೆ ಬೇಡ ಕಣಮ್ಮ. ಬೇರೆ ಕಡೆ ನೋಡ್ಕೊಳ್ಳಿ."

ಶಿಲ್ಪಾ ಬಾಗಿಲಲ್ಲಿ ನಿಂತು, "ಅಜ್ಜಿ, ಈಗ ಅಂತೀನಿ" ಎಂದಳು. ಅವಳ ದನಿ ಅವಳಿಗೇ ಹೊಸದಾಗಿತ್ತು.

"ಈಗ್ಯಾಕಮ್ಮ?" ಎಂದರು ವೆಂಕಟಲಕ್ಷ್ಮಮ್ಮ. ವ್ಯಂಗ್ಯವಿರಲಿಲ್ಲ. ನಿಜವಾಗಿಯೇ ಕೇಳಿದ್ದರು.

ನಾಗೇಂದ್ರ ಗೇಟಿನ ತನಕ ಬಂದ. ಕೈಕೈ ಹಿಸುಕಿಕೊಂಡು ನಿಂತ.

"ಅಪ್ಪ ಆವತ್ತು ರಾತ್ರಿನೇ ಫೋನ್ ಮಾಡಿದ್ರು ಶಿಲ್ಪಾ. ಅಗ್ರಿಮೆಂಟ್ ವಿಷ್ಯ ಹೇಳಿದ್ರು. ನಾನು ನಕ್ಬಿಟ್ಟೆ. ಅದ್ಯಾಕಪ್ಪಾ ಪೇಪರು, ನಾನೇನು ಅವರನ್ನ ಎಬ್ಬಿಸ್ತೀನಾ ಅಂದೆ. ದೇವ್ರಾಣೆಗೂ ಅಂದೆ. ನೀನು ಕೇಳ್ದೇ ಇದ್ರೂ…" ಅವನು ಮಹಡಿಯ ಕಡೆ ನೋಡಿದ. "ಈಗ ಅಮ್ಮನ್ನ ಮೀರಿ ನಾನೇನು ಮಾಡ್ಲಿ, ಹೇಳು. ಅವರಿರೋ ಸ್ಥಿತಿ ನೋಡಿದೀಯ."

ಅವನು ಬೇಕೆಂದು ಚುಚ್ಚಿದ್ದಲ್ಲ. ಆದರೆ ಕೊನೆಗೆ ಅರ್ಥವಾದದ್ದು ಇಷ್ಟೇ: ಖಾನಾವಳಿಗೆ ಯಾವ ಅಪಾಯವೂ ಇರಲಿಲ್ಲ. ಮಗನಿಂದ ಇರಲಿಲ್ಲ, ತಾಯಿಯಿಂದ ಇರಲಿಲ್ಲ, ಸಾವಿನಿಂದಲೂ ಇರಲಿಲ್ಲ. ಇದ್ದ ಒಂದೇ ಅಪಾಯವನ್ನು ಶಿಲ್ಪಾ ಕೈಯಲ್ಲಿ ಹಿಡಿದುಕೊಂಡು ತಾನೇ ಮೆಟ್ಟಿಲು ಹತ್ತಿಸಿದ್ದಳು. ಹತ್ತದೇ ಇದ್ದಿದ್ದರೆ ಈ ಮಾತು ಅವಳಿಗೆ ಎಂದೂ ಗೊತ್ತಾಗುತ್ತಿರಲಿಲ್ಲ. ಅವ್ವನ ಹಂಚಿನ ಪಕ್ಕ ಕೂತು, ನಾಗೇಂದ್ರ ಯಾವಾಗ ಎಬ್ಬಿಸುತ್ತಾನೋ ಎಂದು ಹೆದರುತ್ತಲೇ ಸುಖವಾಗಿರುತ್ತಿದ್ದಳು.

ಜಾಗ ಹುಡುಕಲು ಹೊರಟರು. ಊಟದ ವ್ಯಾಪಾರ ಅಂದ ಕೂಡಲೇ ಓನರುಗಳ ಮುಖ ಕಿವುಚುತ್ತಿತ್ತು. ಹೊಗೆ ಬೇಡ, ವಾಸನೆ ಬೇಡ, ಬಾಗಿಲಲ್ಲಿ ಹುಡುಗರ ಬೈಕು ಬೇಡ. ನಸುಕಿನಲ್ಲಿ ಧಪಧಪ ರೊಟ್ಟಿ ಬಡಿಯುವುದಂತೂ ಬೇಡವೇ ಬೇಡ. ಕೊಡಲು ಒಪ್ಪಿದವರು ಅಗ್ರಿಮೆಂಟನ್ನು ತಾವೇ ಮುಂದೆ ಇಟ್ಟರು, ಹನ್ನೊಂದು ತಿಂಗಳಿನದು, ಆಮೇಲೆ ಖಾಲಿ ಮಾಡಬೇಕು. ಶಿಲ್ಪಾ ಆ ಕಾಗದಗಳನ್ನು ಕೊನೆಯ ಸಾಲಿನ ತನಕ ಓದಿ ಹಿಂದಿರುಗಿಸಿದಳು. ಮೂಡಲಪಾಳ್ಯದಲ್ಲಿ ಸಿಕ್ಕಿದ ಅಂಗಡಿಯಲ್ಲಿ ನೀರಿರಲಿಲ್ಲ. ಕೊನೆಗೆ ಬಾಪೂಜಿ ನಗರದಲ್ಲಿ ಒಂದು ಕಟ್ಟಡದ ಮೂರನೇ ಮಹಡಿಯ ಮೇಲೆ ಶೀಟು ಹೊದಿಸಿದ ಒಂದು ರೂಮು ಸಿಕ್ಕಿತು. ಒಂದು ರೊಟ್ಟಿಗೆ ಅಷ್ಟು ದೂರ ಬಂದು ಅಷ್ಟು ಮೆಟ್ಟಿಲು ಹತ್ತುವ ಹುಡುಗರು ಯಾರಿದ್ದಾರೆ? ಡಬ್ಬಿ ಊಟದ ಆಫೀಸುಗಳು ಆಗಲೇ ಬೇರೆಯವರನ್ನು ಗೊತ್ತುಮಾಡಿಕೊಂಡಿದ್ದವು. ಬಡಿಯುವ ಹೆಂಗಸರು ಒಬ್ಬೊಬ್ಬರಾಗಿ ಬೇರೆ ಖಾನಾವಳಿ ಸೇರಿದರು. ಬೋರಮಾಳ ಸರದ ಗೋಡೆ ಹಿತ್ತಲಿನಲ್ಲಿ ಎದೆಮಟ್ಟಕ್ಕೇ ನಿಂತಿತು.

ಈ ಎಲ್ಲದರ ನಡುವೆ ಮುತ್ತವ್ವ ಮಗಳನ್ನು ಬಯ್ಯಲಿಲ್ಲ. ಒಂದು ದಿನವೂ ಬಯ್ಯಲಿಲ್ಲ. ಉಣ್ಣು ಎಂದಳು, ಮಲಗು ಎಂದಳು, ಬಾಗಿಲು ಹಾಕಿಕೋ ಎಂದಳು. "ನನ್ನ ಮಗಳ ತಲಿ" ಎಂಬ ಮಾತು ಮಾತ್ರ ಅವಳ ಬಾಯಿಂದ ಮತ್ತೆ ಬರಲಿಲ್ಲ. ಹಿಂದೆ ಮಗಳು ಸೊಪ್ಪಿನ ರೇಟು ಹೇಳಿದರೂ ಕಿವಿಗೊಟ್ಟು ಕೇಳುತ್ತಿದ್ದವಳು, ಈಗ ಶಿಲ್ಪಾ ಬಾಯಿ ತೆರೆದರೆ ಎದ್ದು ಒಳಗೆ ಹೋಗುತ್ತಿದ್ದಳು, ಎಲ್ಲಿ ಏನು ಅಂದುಬಿಡುತ್ತಾಳೋ ಎಂಬಂತೆ. ಗ್ಯಾಸು, ಜೋಳ, ಪರೀಕ್ಷೆ, ಮುದುಕರ ಎದೆ, ಎಲ್ಲ ಕೈಕೊಡಬಹುದೆಂದು ಶಿಲ್ಪಾ ಎಣಿಸಿದ್ದಳು. ಅವ್ವನನ್ನು ಆ ಸಾಲಿನಲ್ಲಿ ಅವಳು ಎಂದೂ ನಿಲ್ಲಿಸಿರಲಿಲ್ಲ. ನಿಲ್ಲಿಸಬೇಕೆಂದು ಯಾವ ಟ್ರೇನಿಂಗಿನಲ್ಲೂ ಯಾರೂ ಹೇಳಿರಲಿಲ್ಲ.

ಖಾಲಿ ಮಾಡುವ ದಿನ ಬೆಳಿಗ್ಗೆ ಟೆಂಪೋ ಬಂತು. ಹಂಚು, ಪಾತ್ರೆ, ಹಿಟ್ಟಿನ ಚೀಲಗಳನ್ನೆಲ್ಲ ಏರಿಸಿ, ತಾಯಿ ಮಗಳು ಹಿಂದುಗಡೆ ಚೀಲಗಳ ಮೇಲೆ ಎದುರುಬದುರಾಗಿ ಕೂತರು. ಮೇಲಿನ ಮನೆಯ ಕಿಟಕಿ ಮುಚ್ಚಿತ್ತು. ಗಾಡಿ ಮೈಸೂರು ರಸ್ತೆಯ ಕಡೆ ತಿರುಗಿ, ಸಿಗ್ನಲ್ಲಿನಲ್ಲಿ ನಿಂತಾಗ ಶಿಲ್ಪಾಳಿಗೆ ಇನ್ನು ತಡೆದುಕೊಳ್ಳಲಾಗಲಿಲ್ಲ.

"ಅವ್ವಾ, ಒಂದ ಸಲ ಹೇಳಿಬಿಡು. ನನ್ನಿಂದನ ತಾತ ಹೋದ್ರು ಅಂತ ನೀನೂ ನಂಬೀಯೇನು?"

ಮುತ್ತವ್ವ ಸೆರಗಿನಿಂದ ಮುಖದ ಧೂಳು ಒರೆಸಿಕೊಂಡಳು.

ಶಿಲ್ಪಾ ಒಂದೇ ಉಸಿರಿಗೆ ಎಲ್ಲವನ್ನೂ ಸುರಿದಳು. ಎರಡು ಸ್ಟೆಂಟು, ಮೆಟ್ಟಿಲ ಮೇಲೆ ಹಿಡಿಯುತ್ತಿದ್ದ ಉಸಿರು, ಡಾಕ್ಟರು ಹೇಳಿದ ಮಾತು. ತಾತ ತಾವೇ ನಕ್ಕದ್ದು, ಪೆನ್ನು ಕೇಳಿದ್ದು, ಅಮಾವಾಸ್ಯೆ ಅಂತ ಮುಂದೆ ಹಾಕಿದವರು ಅಜ್ಜಿಯೇ ಎಂಬುದು. ಒಂದು ಪದಕ್ಕೆ ಮನುಷ್ಯರನ್ನು ಉಳಿಸುವ ಶಕ್ತಿ ಇದ್ದಿದ್ದರೆ ಅಪ್ಪ ಯಾಕೆ ಸಾಯುತ್ತಿದ್ದ, ನೀನು ಎಷ್ಟು ಸಲ ಬಿಡ್ತು ಅಂದಿರಲಿಲ್ಲ ಎಂದೂ ಕೇಳಿದಳು. ಕೇಳುತ್ತ ಅಳತೊಡಗಿದಳು. ಸಿಗ್ನಲ್ ಬಿಟ್ಟು ಹಿಂದಿನವರು ಹಾರ್ನ್ ಹೊಡೆಯತೊಡಗಿದರು.

ಮುತ್ತವ್ವ ಕೈ ಚಾಚಿ ಮಗಳ ಕಣ್ಣು ಒರೆಸಿದಳು. ರೊಟ್ಟಿ ಬಡಿದು ದಡ್ಡುಗಟ್ಟಿದ ಆ ಕೈ ಎಂದಿನಂತೆಯೇ ಬೆಚ್ಚಗಿತ್ತು.

"ನೀ ಹೇಳೂದೆಲ್ಲಾ ಖರೇನ ಐತಿ ನನ್ನವ್ವ" ಎಂದಳು. "ಎಲ್ಲಾ ಖರೇನ. ಆದ್ರ ಅದೊಂದು ಮಾತು ಅಂದಿದ್ರ ನಿನ್ನ ಬಾಯೇನು ಸವೀತಿತ್ತಾ?"